ಬಳ್ಳಾರಿ 1999: ಚುನಾವಣೆಯ ಪ್ರಶ್ನೆಯನ್ನು ಪತ್ರಿಕೆಗಳು ಬರೆದಾಗ

1999ರ ಆಗಸ್ಟ್ ಮಧ್ಯದವರೆಗೆ ಬಳ್ಳಾರಿ ಲೋಕಸಭಾ ಕ್ಷೇತ್ರ ದೆಹಲಿಯ ಪತ್ರಿಕೆಗಳಿಗೆ ಸುದ್ದಿಯೇ ಆಗಿರಲಿಲ್ಲ. 1952ರಿಂದ ಕಾಂಗ್ರೆಸ್ಸಿನ ಕೈಬಿಡದ ಕ್ಷೇತ್ರ ಅದು. ಫಲಿತಾಂಶ ಮೊದಲೇ ಗೊತ್ತಿರುವ ಊರಿಗೆ ಯಾವ ಸಂಪಾದಕರೂ ವರದಿಗಾರರನ್ನು ಕಳಿಸುವುದಿಲ್ಲ. ಆಗಸ್ಟ್ 18ರಂದು ಸೋನಿಯಾ ಗಾಂಧಿ ಹೈದರಾಬಾದ್ ಮಾರ್ಗವಾಗಿ ಬಂದು ಇಲ್ಲಿ ನಾಮಪತ್ರ ಸಲ್ಲಿಸಿದರು. ಅಮೇಥಿಯ ಜೊತೆಗೆ ನಿಲ್ಲುವ ಎರಡನೇ ಕ್ಷೇತ್ರ ಕಡಪವೋ ಬಳ್ಳಾರಿಯೋ ಎಂಬುದನ್ನು ಪಕ್ಷ ಕೊನೆಯವರೆಗೂ ಗುಟ್ಟಾಗಿಟ್ಟಿತ್ತು. ಬಿಜೆಪಿ ಅಂದೇ ಸುಷ್ಮಾ ಸ್ವರಾಜ್ ಅವರನ್ನು ಎದುರಿಗೆ ನಿಲ್ಲಿಸಿತು. ಮತದಾನಕ್ಕೆ ಒಂದು ತಿಂಗಳೂ ಉಳಿದಿರಲಿಲ್ಲ.

ಈ ಅಧ್ಯಯನದ ವಿಷಯ ಆ ಕೆಲವೇ ವಾರಗಳಲ್ಲಿ ಪತ್ರಿಕೆಗಳು ಮಾಡಿದ ಕೆಲಸ. ಪತ್ರಿಕೆಗಳು ಯಾರನ್ನು ಗೆಲ್ಲಿಸಿದವು ಎಂದು ಕೇಳಿದರೆ ಈ ಪ್ರಕರಣದಿಂದ ಉತ್ತರ ಸಿಗುವುದಿಲ್ಲ. ಮತದಾರರ ಮುಂದೆ ಯಾವ ಪ್ರಶ್ನೆ ಇಟ್ಟವು ಎಂದು ಕೇಳಿದರೆ ಸಿಗುತ್ತದೆ. ಚುನಾವಣೆಯಲ್ಲಿ ಪತ್ರಿಕೆಯ ನಿಜವಾದ ಬಲ ಇರುವುದೂ ಅಲ್ಲಿಯೇ.

ಪ್ರಶ್ನೆ ಬಂದದ್ದು ಎಲ್ಲಿಂದ

ಆ ವರ್ಷದ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ಒಂದೇ ಮತದಿಂದ ಬಿತ್ತು. ಮೇ ತಿಂಗಳಲ್ಲಿ ಶರದ್ ಪವಾರ್, ಪಿ.ಎ. ಸಂಗ್ಮಾ, ತಾರಿಕ್ ಅನ್ವರ್ ಅವರು ಸೋನಿಯಾ ಅವರ ವಿದೇಶಿ ಮೂಲದ ವಿಷಯ ಎತ್ತಿ ಕಾಂಗ್ರೆಸ್ಸಿನಿಂದ ಹೊರಬಿದ್ದರು. ಅದರ ಬೆನ್ನಿಗೇ ಕಾರ್ಗಿಲ್ ಯುದ್ಧ. ಹೀಗೆ ಬಳ್ಳಾರಿಯ ಸ್ಪರ್ಧೆ ಘೋಷಣೆಯಾಗುವ ಹೊತ್ತಿಗೆ ಪತ್ರಿಕೆಗಳ ಕೈಯಲ್ಲಿ ಸಿದ್ಧ ಚೌಕಟ್ಟೊಂದು ಇತ್ತು: ದೇಶದವರು ಯಾರು, ಹೊರಗಿನವರು ಯಾರು. ಎದುರು ಬದುರು ಇಬ್ಬರು ಮಹಿಳೆಯರು ನಿಂತದ್ದೇ ತಡ, ‘ವಿದೇಶಿ ಸೊಸೆ, ಸ್ವದೇಶಿ ಮಗಳು’ ಎಂಬ ಘೋಷಣೆ ಶೀರ್ಷಿಕೆಗಳಿಗೆ ಏರಿತು. ಘೋಷಣೆ ಪಕ್ಷದ್ದು, ಅದನ್ನು ಊರೂರಿಗೆ ಮುಟ್ಟಿಸಿದ್ದು ಪತ್ರಿಕೆ. ಒಂದು ಪಕ್ಷದ ಘೋಷಣೆ ವರದಿಗಾರನ ಸ್ವಂತ ವಾಕ್ಯದೊಳಗೆ ಉದ್ಧರಣ ಚಿಹ್ನೆ ಇಲ್ಲದೆ ಕುಳಿತ ದಿನದಿಂದ ಅದು ಪಕ್ಷದ ಮಾತಾಗಿ ಉಳಿಯುವುದಿಲ್ಲ, ಸುದ್ದಿಯ ಭಾಷೆಯೇ ಆಗಿಬಿಡುತ್ತದೆ. ಚುನಾವಣಾ ಪುಟಗಳನ್ನು ಓದುವವರು ಮೊದಲು ಹುಡುಕಬೇಕಾದದ್ದು ಈ ಉದ್ಧರಣ ಚಿಹ್ನೆ ಬಿದ್ದುಹೋದ ದಿನವನ್ನು.

ಈ ಚೌಕಟ್ಟಿನೊಳಗೆ ಸುಷ್ಮಾ ಅವರ ನಡೆಗಳು ಹೇಳಿ ಮಾಡಿಸಿದಂತಿದ್ದವು. ಅವರು ಕನ್ನಡ ಕಲಿತು ಸಭೆಗಳಲ್ಲಿ ಕನ್ನಡದಲ್ಲೇ ಭಾಷಣ ಮಾಡಿದರು. ಸೀರೆ, ಹಣೆಯ ಕುಂಕುಮ, ಕನ್ನಡದ ಮಾತು: ಮೂರೂ ಛಾಯಾಚಿತ್ರಕ್ಕೆ ಮತ್ತು ಎರಡು ಕಾಲಂ ಬಾಕ್ಸ್ ಸುದ್ದಿಗೆ ಒಗ್ಗುವ ವಸ್ತುಗಳು. ನಾಲೆಯ ನೀರಿನ ಲೆಕ್ಕ ಹಾಗೆ ಒಗ್ಗುವುದಿಲ್ಲ. ಇದರಲ್ಲಿ ಪಕ್ಷಪಾತ ಇರಲೇಬೇಕೆಂದಿಲ್ಲ. ಸಂಜೆ 7ಕ್ಕೆ ಸುದ್ದಿ ಕಳಿಸಬೇಕಾದ ವರದಿಗಾರನಿಗೆ ಮಧ್ಯಾಹ್ನದ ಸಭೆಯಲ್ಲಿ ಸುಲಭವಾಗಿ ಸಿಗುವುದು ಅಭ್ಯರ್ಥಿ ಯಾವ ಭಾಷೆಯಲ್ಲಿ ಮಾತಾಡಿದರು, ಎಷ್ಟು ಜನ ಸೇರಿದ್ದರು ಎಂಬುದು. ನಾಲೆಯ ಕೊನೇ ಭಾಗದ ಹಳ್ಳಿಗೆ ಹೋಗಿ ಬರಲು ಒಂದು ದಿನ ಬೇಕು, ವಾಹನ ಬೇಕು. ಗಡುವು ಮತ್ತು ಖರ್ಚು ಸೇರಿಯೇ ಅರ್ಧ ಸುದ್ದಿಯನ್ನು ತೀರ್ಮಾನಿಸಿಬಿಡುತ್ತವೆ.

ಅದು ಮುಂಗಾರು ಬೆಳೆಯ ಕಾಲ ಎಂಬುದನ್ನೂ ನೆನಪಿಡಬೇಕು. ತುಂಗಭದ್ರಾ ಬಲದಂಡೆಯ ಮೇಲ್ಮಟ್ಟದ ಮತ್ತು ಕೆಳಮಟ್ಟದ ಕಾಲುವೆಗಳ ಕೊನೇ ಭಾಗದ ರೈತರಿಗೆ ಆಗಸ್ಟ್–ಸೆಪ್ಟೆಂಬರ್ ಎಂದರೆ ನೀರಿಗಾಗಿ ಕಾಯುವ ತಿಂಗಳು. ಎಡದಂಡೆಯಲ್ಲಿ ಸಿಂಧನೂರು, ಮಾನ್ವಿಯವರಿಗೂ ಅಷ್ಟೇ. ಸಂಡೂರಿನ ಗಣಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಬಳ್ಳಾರಿಯ ಜೀನ್ಸ್ ಹೊಲಿಗೆ, ಹತ್ತಿ, ಶೇಂಗಾ, ಮೆಣಸಿನಕಾಯಿ ಧಾರಣೆ, ಕುಡಿಯುವ ನೀರು ಎಲ್ಲವೂ ಕ್ಷೇತ್ರದಲ್ಲಿ ಇದ್ದೇ ಇದ್ದವು. ರಾಷ್ಟ್ರೀಯ ಪತ್ರಿಕೆಗಳ ಬಳ್ಳಾರಿಯಲ್ಲಿ ಇವು ಹಿನ್ನೆಲೆಯ ಬಣ್ಣವಾಗಿ ಬಂದವು. ಕಥೆಯಾಗಿ ಬಂದದ್ದು ಇಬ್ಬರು ನಾಯಕಿಯರ ಕಾಳಗ.

ಅಮೆರಿಕದ ಮ್ಯಾಕ್ಸ್‌ವೆಲ್ ಮೆಕೂಂಬ್ಸ್ ಮತ್ತು ಡೊನಾಲ್ಡ್ ಶಾ 1968ರ ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ ಚಾಪೆಲ್ ಹಿಲ್ ಎಂಬ ಊರಿನಲ್ಲಿ ಇನ್ನೂ ಮನಸ್ಸು ಗಟ್ಟಿ ಮಾಡಿಕೊಳ್ಳದ 100 ಮತದಾರರನ್ನು ಮಾತಾಡಿಸಿ, ಅವರು ಮುಖ್ಯವೆಂದ ವಿಷಯಗಳ ಕ್ರಮವನ್ನು ಮಾಧ್ಯಮಗಳು ಕೊಟ್ಟ ಒತ್ತಿನ ಕ್ರಮದ ಜೊತೆ ಹೋಲಿಸಿದ್ದರು. ಎರಡೂ ಹೆಚ್ಚುಕಡಿಮೆ ಒಂದೇ ಆಗಿದ್ದವು. ಏನು ಯೋಚಿಸಬೇಕೆಂದು ಪತ್ರಿಕೆ ಹೇಳಿದರೆ ಜನ ಕೇಳುವುದು ಕಡಿಮೆ, ಯಾವುದರ ಬಗ್ಗೆ ಯೋಚಿಸಬೇಕು ಎನ್ನುವುದನ್ನು ಮಾತ್ರ ಪತ್ರಿಕೆಯೇ ನಿಶ್ಚಯಿಸುತ್ತದೆ ಎಂಬ ತಿಳಿವಳಿಕೆಗೆ ಬುನಾದಿ ಬಿದ್ದದ್ದು ಅಲ್ಲಿ. ಬಳ್ಳಾರಿ ಅದರ ಅಪ್ಪಟ ಉದಾಹರಣೆ. ಒಂದು ವ್ಯತ್ಯಾಸವಿದೆ. ಚಾಪೆಲ್ ಹಿಲ್ ಓದು ಬರಹ ಬಲ್ಲವರ ಊರು. ಬಳ್ಳಾರಿ ಜಿಲ್ಲೆಯ ಸಾಕ್ಷರತೆ 2001ರ ಜನಗಣತಿಯಲ್ಲೂ ಶೇ 60 ಮುಟ್ಟಿರಲಿಲ್ಲ.

ಓದದವರಿಗೆ ಪೇಪರು ತಲುಪಿದ ಬಗೆ

ಸಾಕ್ಷರತೆ ಕಡಿಮೆ ಇದ್ದಲ್ಲಿ ಪತ್ರಿಕೆಯ ಪ್ರಭಾವವೂ ಕಡಿಮೆ ಎಂದು ತೀರ್ಮಾನಿಸುವುದು ಈ ಭಾಗವನ್ನು ನೋಡದವರ ತಪ್ಪು. ಚಹಾ ಅಂಗಡಿ, ಕ್ಷೌರದಂಗಡಿ, ಬಸ್ ನಿಲ್ದಾಣದ ಹೋಟೆಲು, ಹಮಾಲರು ಕೂರುವ ಎಪಿಎಂಸಿ ಕಟ್ಟೆ: ಒಂದೊಂದು ಪ್ರತಿಗೆ ಹತ್ತಾರು ಕೇಳುಗರು. ಒಬ್ಬ ಓದಿ ಹೇಳುತ್ತಾನೆ, ಇನ್ನೊಬ್ಬ ಅದಕ್ಕೆ ತನ್ನ ಮಾತು ಸೇರಿಸುತ್ತಾನೆ, ಉಳಿದವರು ಅದನ್ನು ಮನೆಗೆ ಒಯ್ಯುತ್ತಾರೆ. ಪಾಲ್ ಲಾಜರ್ಸ್‌ಫೆಲ್ಡ್ ತಂಡ 1940ರಲ್ಲಿ ಒಹಾಯೊದ ಈರಿ ಕೌಂಟಿಯಲ್ಲಿ ಕಂಡದ್ದೂ ಇದನ್ನೇ: ಮಾಧ್ಯಮದಿಂದ ಊರಿನ ಮಾತುಗಾರನಿಗೆ, ಅವನಿಂದ ಉಳಿದವರಿಗೆ.

ಕಟ್ಟೆಯ ಮೇಲೆ ಪೇಪರು ಗಟ್ಟಿಯಾಗಿ ಓದುವವನು ಎಲ್ಲವನ್ನೂ ಓದುವುದಿಲ್ಲ. ಮುಖಪುಟದ ಶೀರ್ಷಿಕೆ, ಅದರ ಕೆಳಗಿನ ಉಪಶೀರ್ಷಿಕೆ, ಚಿತ್ರದ ಅಡಿಬರಹ, ಮೊದಲ ಪ್ಯಾರಾ, ಆಮೇಲೆ ತನ್ನ ತಾಲ್ಲೂಕಿನ ಹೆಸರು ಎಲ್ಲಿದೆಯೋ ಅಲ್ಲಿಗೆ ನೇರ ಹಾರುತ್ತಾನೆ. ‘8ನೇ ಪುಟಕ್ಕೆ’ ಎಂದಲ್ಲಿ ಸುದ್ದಿ ಮುಗಿಯಿತು. ಆದ್ದರಿಂದ ಸಮತೋಲನಕ್ಕೆಂದು ಐದನೇ ಪ್ಯಾರಾದಲ್ಲಿ ಎದುರು ಪಕ್ಷದ ಪ್ರತಿಕ್ರಿಯೆ ಹಾಕಿದ್ದೇವೆ ಎಂದು ಸಂಪಾದಕರು ಹೇಳುವುದು ಕೇಳುಗನ ಮಟ್ಟಿಗೆ ಲೆಕ್ಕಕ್ಕೇ ಬರುವುದಿಲ್ಲ. ಅವನ ಕಿವಿಗೆ ಬಿದ್ದದ್ದು ಶೀರ್ಷಿಕೆ. ಒಂದೇ ಸಭೆಗೆ ‘ಬಳ್ಳಾರಿಯಲ್ಲಿ ಸೋನಿಯಾ ಭಾಷಣ’ ಎಂದೂ ಕೊಡಬಹುದು, ‘ಅನುವಾದಕರ ನೆರವಿನಲ್ಲಿ ಸೋನಿಯಾ ಭಾಷಣ’ ಎಂದೂ ಕೊಡಬಹುದು. ಎರಡೂ ನಿಜವೇ ಆಗಿರಬಹುದು. ಎರಡನೆಯದರಲ್ಲಿ ಅವರು ಹೇಳಿದ್ದೇನು ಎಂಬುದು ಕಾಣೆಯಾಗಿರುತ್ತದೆ.

ಬಳ್ಳಾರಿಗೆ ಇನ್ನೊಂದು ಪದರವಿದೆ. 1953ರ ಅಕ್ಟೋಬರ್ 1ರಂದು ಮದ್ರಾಸ್ ರಾಜ್ಯದಿಂದ ಮೈಸೂರಿಗೆ ಸೇರಿದ ಈ ನಾಡಿನಲ್ಲಿ ಮನೆಯಲ್ಲಿ ತೆಲುಗು ಆಡಿ ಕನ್ನಡ ಓದುವವರು, ಎರಡೂ ಓದುವವರು, ಉರ್ದು ಓದುವವರು ಎಲ್ಲರೂ ಇದ್ದಾರೆ. ಗಡಿಯಾಚೆಯ ತೆಲುಗು ಪತ್ರಿಕೆಗಳಿಗೂ ಇಲ್ಲಿ ಓದುಗರಿದ್ದಾರೆ. ಆ ಪತ್ರಿಕೆಗಳ ಮುಖಪುಟಕ್ಕೆ ಆಗ ಹೈದರಾಬಾದಿನ ರಾಜಕಾರಣ ಮುಖ್ಯವಾಗಿತ್ತು. ಒಂದೇ ವಾರ್ಡಿನ ಎರಡು ಮನೆಗಳಲ್ಲಿ ಒಂದೇ ಚುನಾವಣೆ ಬೇರೆ ಬೇರೆ ಕಾಣುತ್ತಿತ್ತು ಎಂದರೆ ಅಚ್ಚರಿಯಿಲ್ಲ. ಕನ್ನಡ ಪತ್ರಿಕೆಗಳನ್ನಷ್ಟೇ ನೋಡಿ ಬಳ್ಳಾರಿಯ ಅಭಿಪ್ರಾಯ ಇದು ಎನ್ನುವ ಅಧ್ಯಯನ ಅರ್ಧ ಕುರುಡು.

ಹಳೆಯ ಪುಟಗಳನ್ನು ಅಳೆಯುವುದು

ಇಂಥ ಪ್ರಕರಣವನ್ನು ಪತ್ರಿಕೋದ್ಯಮ ವಿಭಾಗಗಳ ವಿದ್ಯಾರ್ಥಿಗಳು ಆಯ್ದುಕೊಂಡು ಎಡವುವುದು ಮೊದಲ ಹೆಜ್ಜೆಯಲ್ಲೇ. ಬೆಂಗಳೂರಿನ ಗ್ರಂಥಾಲಯದಲ್ಲಿ ರಟ್ಟು ಕಟ್ಟಿಟ್ಟ ಸಂಪುಟ ತೆರೆದರೆ ಸಿಗುವುದು ಸಾಮಾನ್ಯವಾಗಿ ನಗರ ಆವೃತ್ತಿ. ಬಳ್ಳಾರಿಯ ಮತದಾರ ಓದಿದ್ದು ಅದನ್ನಲ್ಲ. ದೂರದ ಊರುಗಳ ಪ್ರತಿ ರಾತ್ರಿ ಬೇಗ ಅಚ್ಚಾಗಿ ವಾಹನ ಹತ್ತಬೇಕು, ಹಾಗಾಗಿ ಸಂಜೆ ತಡವಾಗಿ ನಡೆದ ಸಭೆ ಅದರಲ್ಲಿ ಇರುವುದಿಲ್ಲ, ಮರುದಿನ ಹಳಸಿದ ಸುದ್ದಿಯಾಗಿ ಒಳಪುಟದಲ್ಲಿ ಬರುತ್ತದೆ. ಜಿಲ್ಲಾ ಪುಟವಂತೂ ಆವೃತ್ತಿಯಿಂದ ಆವೃತ್ತಿಗೆ ಪೂರ್ತಿ ಬೇರೆ. ಬೆಂಗಳೂರಿನ ಸಂಪುಟ ನೋಡಿ ‘ಸ್ಥಳೀಯ ಸಮಸ್ಯೆಗಳಿಗೆ ಜಾಗವೇ ಇರಲಿಲ್ಲ’ ಎಂದು ಬರೆದರೆ, ಅದು ಪತ್ರಿಕೆಯ ದೋಷವೋ ನೋಡಿದ ಪ್ರತಿಯ ದೋಷವೋ ತಿಳಿಯದು. ಮೊದಲು ಮುಖಪುಟದ ಮೇಲ್ಭಾಗದಲ್ಲಿ ಆವೃತ್ತಿಯ ಹೆಸರು, ಕೊನೇ ಪುಟದ ಅಡಿಯಲ್ಲಿ ಮುದ್ರಣ ಸ್ಥಳ ನೋಡಬೇಕು. ಬಳ್ಳಾರಿ, ಹೊಸಪೇಟೆ ಕಡೆಯ ಸಾರ್ವಜನಿಕ ಗ್ರಂಥಾಲಯ, ಹಳೆಯ ಕಾಲೇಜು, ಏಜೆಂಟರ ಮನೆಯ ಅಟ್ಟ, ಪಕ್ಷದ ಕಚೇರಿಯ ಕ್ಲಿಪಿಂಗ್ ಫೈಲುಗಳನ್ನು ಹುಡುಕಬೇಕು. ಕ್ಲಿಪಿಂಗ್ ಫೈಲಿನ ಬಗ್ಗೆ ಒಂದು ಎಚ್ಚರ: ಪಕ್ಷದವರು ತಮಗೆ ಬೇಕಾದದ್ದನ್ನೇ ಕತ್ತರಿಸಿ ಇಟ್ಟಿರುತ್ತಾರೆ. ಪುಟದಲ್ಲಿ ಆ ಸುದ್ದಿ ಎಲ್ಲಿತ್ತು ಎಂಬ ಗುರುತೂ ಅಲ್ಲಿ ಉಳಿದಿರುವುದಿಲ್ಲ.

ಅಳತೆ ಸರಳ. ದೊಡ್ಡ ಹಾಳೆಯ ಕನ್ನಡ ದಿನಪತ್ರಿಕೆಯ ಪುಟ ಸುಮಾರು 33 ಸೆಂ.ಮೀ. ಅಗಲ, 52 ಸೆಂ.ಮೀ. ಎತ್ತರದ ಅಚ್ಚಿನ ಜಾಗ, 8 ಕಾಲಂ. ಅಂದರೆ ಪುಟಕ್ಕೆ (8 × 52) 416 ಕಾಲಂ ಸೆಂ.ಮೀ. ಮೂರು ಕಾಲಂ ಅಗಲ, 20 ಸೆಂ.ಮೀ. ಉದ್ದದ ಸುದ್ದಿ 60 ಕಾಲಂ ಸೆಂ.ಮೀ., ಪುಟದ ಏಳನೇ ಒಂದು ಭಾಗ. ಚಿತ್ರ, ಶೀರ್ಷಿಕೆ ಸೇರಿಸಿಯೇ ಅಳೆಯಬೇಕು. ಜಾಹೀರಾತನ್ನು ಬೇರೆ ಕಾಲಮಿನಲ್ಲಿ ಬರೆಯಬೇಕು, ಬಿಡಬಾರದು.

ಜಾಗ ಎಷ್ಟು ಎಂಬುದಕ್ಕಿಂತ ಜಾಗ ಎಲ್ಲಿ ಎಂಬುದು ದೊಡ್ಡದು. ಮಡಿಕೆಯ ಮೇಲೋ ಕೆಳಗೋ, ಬಲಪುಟವೋ ಎಡಪುಟವೋ, ಚಿತ್ರ ಇದೆಯೋ, ಚಿತ್ರದಲ್ಲಿ ಅಭ್ಯರ್ಥಿ ಜನರತ್ತ ನೋಡುತ್ತಿದ್ದಾರೋ ಬೆನ್ನು ಹಾಕಿದ್ದಾರೋ ಎಂಬುದನ್ನೂ ಗುರುತು ಹಾಕಬೇಕು. ಮೂಲ ಯಾವುದು: ಸ್ವಂತ ವರದಿಗಾರ, ಸುದ್ದಿಸಂಸ್ಥೆ, ಪಕ್ಷದ ಪತ್ರಿಕಾ ಹೇಳಿಕೆ? ಮೊದಲ ಮೂರು ಪ್ಯಾರಾಗಳಲ್ಲಿ ಮಾತಾಡಿದವರು ಯಾರು, ಮತದಾರರಲ್ಲಿ ಒಬ್ಬರಾದರೂ ಇದ್ದಾರೆಯೇ? ಈ ಕೊನೆಯ ಪ್ರಶ್ನೆಯೊಂದೇ ಎಷ್ಟೋ ಸಲ ಇಡೀ ವರದಿಗಾರಿಕೆಯ ಗುಣವನ್ನು ಹೇಳಿಬಿಡುತ್ತದೆ. ಪ್ರತಿ ಸುದ್ದಿಯನ್ನೂ ಇವುಗಳಲ್ಲಿ ಯಾವುದಾದರೂ ಒಂದೇ ವಿಷಯದ ಗುಂಪಿಗೆ ಹಾಕಬೇಕು: ವ್ಯಕ್ತಿ, ಪಕ್ಷದ ಲೆಕ್ಕಾಚಾರ, ಜಾತಿ ಸಮೀಕರಣ, ನೀರು, ಬೆಳೆ ಮತ್ತು ಧಾರಣೆ, ಗಣಿ ಮತ್ತು ಉದ್ಯೋಗ, ಇತರೆ. ‘ಇತರೆ’ಯಲ್ಲಿ ಐದರಲ್ಲಿ ಒಂದು ಸುದ್ದಿ ಬಿದ್ದರೆ ಗುಂಪುಗಳು ಸರಿ ಇಲ್ಲವೆಂದು ಅರ್ಥ.

ಇಬ್ಬರು ಬೇರೆ ಬೇರೆ ಕೂತು ಒಂದೇ ಸುದ್ದಿಗಳಿಗೆ ಗುರುತು ಹಾಕಿ, ಹತ್ತರಲ್ಲಿ ಎಂಟಾದರೂ ಹೊಂದುವವರೆಗೆ ಮುಂದೆ ಹೋಗಬಾರದು. ಜಗಳ ಏಳುವುದು ಸಾಮಾನ್ಯವಾಗಿ ‘ಪರ’, ‘ವಿರೋಧ’, ‘ತಟಸ್ಥ’ ಎಂಬಲ್ಲಿ. ಒಂದೇ ಸುದ್ದಿ ಒಬ್ಬರಿಗೆ ತಟಸ್ಥವಾಗಿ ಕಂಡರೆ ಇನ್ನೊಬ್ಬರಿಗೆ ವ್ಯಂಗ್ಯವಾಗಿ ಕಾಣುತ್ತದೆ. ಆಗ ಇಡೀ ಸುದ್ದಿಗೆ ಬದಲು ಶೀರ್ಷಿಕೆಯ ಕ್ರಿಯಾಪದ ಮತ್ತು ಮೊದಲ ವಾಕ್ಯಕ್ಕಷ್ಟೇ ಗುರುತು ಹಾಕುವುದು ಒಳ್ಳೆಯದು. ‘ಹೇಳಿದರು’ ಎಂಬುದೂ ‘ಕಿಡಿಕಾರಿದರು’ ಎಂಬುದೂ ಒಂದೇ ಅಲ್ಲ ಎಂಬಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಬರುವುದಿಲ್ಲ.

ಫಲಿತಾಂಶದಿಂದ ಏನು ಹೇಳಬಹುದು

ಅಕ್ಟೋಬರ್ 6ರಂದು ಎಣಿಕೆ. ಸೋನಿಯಾ ಗಾಂಧಿ 4,14,650, ಸುಷ್ಮಾ ಸ್ವರಾಜ್ 3,58,550. ಅಂತರ 56,100.

ಇಲ್ಲಿಂದ ಎರಡು ವಿರುದ್ಧ ಕಥೆಗಳನ್ನು ಕಟ್ಟುವುದು ಸುಲಭ, ಕಟ್ಟಿದವರೂ ಇದ್ದಾರೆ. ಇಷ್ಟೆಲ್ಲ ಪ್ರಚಾರ ನಡೆದರೂ ವಿದೇಶಿ ಮೂಲದ ವಿಷಯ ಬಳ್ಳಾರಿಯಲ್ಲಿ ಸೋತಿತು, ಪತ್ರಿಕೆಗಳಿಗೆ ಬಲವಿಲ್ಲ ಎಂಬುದು ಒಂದು. ಕಾಂಗ್ರೆಸ್ಸಿನ ಭದ್ರಕೋಟೆಯಲ್ಲಿ ಹೊರಗಿನಿಂದ ಬಂದವರೊಬ್ಬರು ಕೆಲವೇ ವಾರಗಳಲ್ಲಿ ಮೂರೂವರೆ ಲಕ್ಷ ದಾಟಿದ್ದು ಪತ್ರಿಕೆಗಳಿಂದಲೇ ಎಂಬುದು ಇನ್ನೊಂದು. ಎರಡೂ ಒಂದು ದೊಡ್ಡ ಸಂಗತಿಯನ್ನು ಬದಿಗಿಡುತ್ತವೆ. ಅಂದು ಕರ್ನಾಟಕದಲ್ಲಿ ವಿಧಾನಸಭೆಗೂ ಜೊತೆಯಲ್ಲೇ ಚುನಾವಣೆ ನಡೆದಿತ್ತು. ಜನತಾದಳ ಆಗಷ್ಟೇ ಒಡೆದು, ಜೆ.ಎಚ್. ಪಟೇಲರ ಬಣ ಬಿಜೆಪಿಯ ಜೊತೆ ನಿಂತಿತ್ತು. ಆಡಳಿತದ ಮೇಲಿನ ಸಿಟ್ಟು ಕಾಂಗ್ರೆಸ್ಸಿಗೆ ಒದಗಿತು: 224ರಲ್ಲಿ 132 ವಿಧಾನಸಭಾ ಸ್ಥಾನ, 28ರಲ್ಲಿ 18 ಲೋಕಸಭಾ ಸ್ಥಾನ ಅದರ ಪಾಲಾದವು, ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾದರು. ರಾಜ್ಯವಿಡೀ ಬೀಸಿದ ಗಾಳಿಯನ್ನು ಲೆಕ್ಕದಿಂದ ಕಳೆಯದೆ ಬಳ್ಳಾರಿಯ ಅಂತರವನ್ನು ಪತ್ರಿಕೆಯ ಖಾತೆಗೆ ಬರೆಯುವುದು ತಪ್ಪು. ಒಬ್ಬ ಮತದಾರ ಒಂದೇ ಹೊತ್ತಿಗೆ ಎರಡು ಮತ ಹಾಕಿ ಬಂದಿದ್ದ. ಅವನು ಶಾಸಕರನ್ನು ಆರಿಸಲು ಹೋಗಿ ಸಂಸದರಿಗೂ ಮುದ್ರೆ ಒತ್ತಿದನೋ, ಇಲ್ಲ ಅದರ ತಿರುವುಮುರುವೋ ಎಂಬುದನ್ನು ಪೇಪರಿನ ಕಾಲಂ ಅಳೆದು ಹೇಳಲಾಗದು. ವಿಧಾನಸಭಾ ಕ್ಷೇತ್ರವಾರು ಎರಡೂ ಮತಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಇದಕ್ಕಿರುವ ಹತ್ತಿರದ ದಾರಿ. ಚುನಾವಣಾ ಆಯೋಗದ ಅಂಕಿಅಂಶ ವರದಿಗಳಲ್ಲಿ ಎರಡೂ ಸಿಗುತ್ತವೆ.

ಪತ್ರಿಕೆಗಳ ಪರಿಣಾಮ ಸ್ಪಷ್ಟವಾಗಿ ಕಾಣುವುದು ಮತಪೆಟ್ಟಿಗೆಯ ಹೊರಗೆ. ಸೋನಿಯಾ ಅಮೇಥಿ ಉಳಿಸಿಕೊಂಡು ಬಳ್ಳಾರಿ ಬಿಟ್ಟರು. 2000ರ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಕೋಳೂರು ಬಸವನಗೌಡರು ಗೆದ್ದರು. ಕ್ಷೇತ್ರ ಅದೇ, ಪಕ್ಷ ಅದೇ, ನೀರಿನ ಸಮಸ್ಯೆಯೂ ಅದೇ. ರಾಷ್ಟ್ರೀಯ ಪತ್ರಿಕೆಗಳ ದಂಡು ಮಾತ್ರ ಇರಲಿಲ್ಲ. ಬಳ್ಳಾರಿಯ ಬಗ್ಗೆ ನಿಜವಾದ ಕುತೂಹಲ ಇದ್ದಿದ್ದರೆ ಅವರು ಆಗಲೂ ಬರಬೇಕಿತ್ತು, ಬಿಟ್ಟುಹೋದ ಸಂಸದೆಯ ಬಗ್ಗೆ ಮತದಾರ ಏನೆನ್ನುತ್ತಾನೆ ಎಂದು ಕೇಳಲಿಕ್ಕಾದರೂ. ಇತ್ತ ಸೋತ ಸುಷ್ಮಾ ಅವರ ಹೆಸರು ಜಿಲ್ಲೆಯಲ್ಲಿ ಉಳಿಯಿತು. ಅವರು ವರಮಹಾಲಕ್ಷ್ಮಿ ಹಬ್ಬಕ್ಕೆ ಬಳ್ಳಾರಿಗೆ ಬರುವುದು ವರ್ಷ ವರ್ಷವೂ ಸುದ್ದಿಯಾಯಿತು. ಆ ಚುನಾವಣೆಯ ಓಡಾಟದಲ್ಲಿ ಬಲಿತ ಸ್ಥಳೀಯ ಸಂಘಟನೆಯ ಬಲದಿಂದ 2004ರಲ್ಲಿ ಬಿಜೆಪಿಯ ಜಿ. ಕರುಣಾಕರ ರೆಡ್ಡಿ ಗೆದ್ದು ಕಾಂಗ್ರೆಸ್ಸಿನ ಸರಪಳಿ ಕಡಿದರು. ಐದು ವರ್ಷದ ಹಿಂದಿನ ಮುಖಪುಟಗಳು ಇದಕ್ಕೆ ನೆಲ ಹದ ಮಾಡಿದ್ದವು ಎನ್ನಬಹುದು. ಬಿತ್ತಿ ಬೆಳೆದದ್ದು ಸಂಘಟನೆ ಮತ್ತು ಹಣ.

ಆ ಕಾಲದ ಇನ್ನೊಂದು ಸಂಗತಿ ಇಲ್ಲಿಗೆ ಸಂಬಂಧಿಸಿದ್ದು. 1999ರಲ್ಲಿ ಮತದಾನ ಹಲವು ಹಂತಗಳಲ್ಲಿ, ಅಕ್ಟೋಬರ್ 3ರವರೆಗೆ ನಡೆಯಿತು. ನಡುವೆ ಸಮೀಕ್ಷೆಗಳ ಪ್ರಕಟಣೆ ತಡೆಯಲು ಚುನಾವಣಾ ಆಯೋಗ ಯತ್ನಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಕಾನೂನಿನ ಬೆಂಬಲವಿಲ್ಲದ ಆದೇಶವನ್ನು ಆಯೋಗ ಸೆಪ್ಟೆಂಬರಿನಲ್ಲಿ ಹಿಂದಕ್ಕೆ ಪಡೆಯಬೇಕಾಯಿತು. ಮತಗಟ್ಟೆ ಸಮೀಕ್ಷೆಗೆ ಶಾಸನಬದ್ಧ ತಡೆ ಬಂದದ್ದು ಹತ್ತು ವರ್ಷದ ಮೇಲೆ, ಜನಪ್ರತಿನಿಧಿ ಕಾಯ್ದೆಗೆ 126ಎ ಕಲಂ ಸೇರಿದಾಗ.

ಇಂದು ಅದೇ ಸ್ಪರ್ಧೆ ನಡೆದರೆ

ಚೌಕಟ್ಟು ಕಟ್ಟುವುದನ್ನು ಯಾವ ಕಾನೂನೂ ತಡೆಯದು, ತಡೆಯಲೂ ಬಾರದು. ಕಾಸು ಪಡೆದು ಕಟ್ಟಿದ ಸುದ್ದಿಯ ವಿರುದ್ಧ ಮಾತ್ರ ಈಗ ದೂರು ಕೊಡುವ ದಾರಿ ಇದೆ, ಬಳ್ಳಾರಿ, ಕೊಪ್ಪಳ, ರಾಯಚೂರಿನವರು ಅದನ್ನು ಬಳಸುವುದು ಕಡಿಮೆ. ಜಿಲ್ಲಾ ಚುನಾವಣಾಧಿಕಾರಿ, ಅಂದರೆ ಜಿಲ್ಲಾಧಿಕಾರಿಗಳ ಅಡಿಯಲ್ಲಿ ಮಾಧ್ಯಮ ಪ್ರಮಾಣೀಕರಣ ಮತ್ತು ಮೇಲ್ವಿಚಾರಣಾ ಸಮಿತಿ, ಎಲ್ಲರ ಬಾಯಲ್ಲಿ ಎಂಸಿಎಂಸಿ, ಕೆಲಸ ಮಾಡುತ್ತದೆ. ಬೇರೆ ಬೇರೆ ಪತ್ರಿಕೆಗಳಲ್ಲಿ ಬೇರೆ ಬೇರೆ ಹೆಸರಿನಡಿ ಅದೇ ಪದ, ಅದೇ ಚಿತ್ರದ ಲೇಖನ ಒಂದೇ ಹೊತ್ತಿಗೆ ಬಂದರೆ, ಒಬ್ಬ ಅಭ್ಯರ್ಥಿಗೆ ಸಮಾಜದ ಎಲ್ಲ ವರ್ಗಗಳ ಬೆಂಬಲವಿದೆ, ಅವರೇ ಗೆಲ್ಲುತ್ತಾರೆ ಎಂದು ಹೆಸರಿಲ್ಲದ ವರದಿ ಬಂದರೆ, ಒಂದೇ ಪುಟದಲ್ಲಿ ಎದುರಾಳಿಗಳಿಬ್ಬರೂ ಗೆಲ್ಲುವರು ಎಂಬ ಹೊಗಳಿಕೆ ಇದ್ದರೆ, ಅದು ಕಾಸಿನ ಸುದ್ದಿ ಎಂಬ ಶಂಕೆಗೆ ಆಯೋಗವೇ ಒಪ್ಪಿದ ಗುರುತು.

ದೂರು ಕೊಡುವವರು ಕತ್ತರಿಸಿದ ತುಣುಕು ಕೊಟ್ಟರೆ ಸಾಲದು. ದಿನಾಂಕ, ಆವೃತ್ತಿಯ ಹೆಸರು ಕಾಣುವ ಪೂರ್ತಿ ಪುಟ ಬೇಕು. ಒಂದೇ ಪಠ್ಯ ಬಂದ ಎರಡನೇ ಪತ್ರಿಕೆಯ ಪುಟವೂ ಜೊತೆಗಿರಬೇಕು. ಬೇಗ ಕೊಡಬೇಕು. ಪ್ರಕಟಣೆ ಅಥವಾ ದೂರು ಬಂದ 96 ಗಂಟೆಯೊಳಗೆ ಚುನಾವಣಾಧಿಕಾರಿ ಅಭ್ಯರ್ಥಿಗೆ ನೋಟಿಸ್ ಕೊಡಬೇಕು, ಅಭ್ಯರ್ಥಿ 48 ಗಂಟೆಯೊಳಗೆ ಉತ್ತರಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ 48 ಗಂಟೆಯೊಳಗೆ ರಾಜ್ಯ ಸಮಿತಿಗೆ, ಅಲ್ಲಿಂದ ಮತ್ತೆ 48 ಗಂಟೆಯೊಳಗೆ ಆಯೋಗಕ್ಕೆ ಮೇಲ್ಮನವಿ. ಕಾಸು ಕೈ ಬದಲಿಸಿದ್ದಕ್ಕೆ ರಸೀದಿ ಯಾರಲ್ಲೂ ಇರುವುದಿಲ್ಲ, ಅದು ಬೇಕಾಗಿಯೂ ಇಲ್ಲ. ಕಾಸಿನ ಸುದ್ದಿ ಎಂದು ತೀರ್ಮಾನವಾದರೆ ಸರ್ಕಾರಿ ಜಾಹೀರಾತು ದರದಲ್ಲಿ ಅದರ ಬೆಲೆ ಕಟ್ಟಿ ಅಭ್ಯರ್ಥಿಯ ವೆಚ್ಚಕ್ಕೆ ಸೇರಿಸುತ್ತಾರೆ. ಮೂರು ಕಾಲಂ, 20 ಸೆಂ.ಮೀ. ಸುದ್ದಿ ಹತ್ತಿರ ಹತ್ತಿರ 240 ಚದರ ಸೆಂ.ಮೀ.; ಚದರ ಸೆಂ.ಮೀ.ಗೆ ದರ 200 ರೂಪಾಯಿ ಎಂದಿಟ್ಟುಕೊಂಡರೆ 48,000 ರೂಪಾಯಿ. ಅಂಥ ಹತ್ತು ಸುದ್ದಿಗೆ 4.8 ಲಕ್ಷ. ವಿಧಾನಸಭೆಗೆ ಇರುವ 40 ಲಕ್ಷದ ಮಿತಿಯಲ್ಲಿ ಅದು ಶೇ 12. ಉತ್ತರ ಪ್ರದೇಶದ ಬಿಸೌಲಿಯ ಶಾಸಕಿ ಉಮ್ಲೇಶ್ ಯಾದವ್ 2011ರಲ್ಲಿ ಮೂರು ವರ್ಷಕ್ಕೆ ಅನರ್ಹರಾದದ್ದು ಹೀಗೆ ಲೆಕ್ಕಕ್ಕೆ ಸೇರಿಸದೆ ಬಿಟ್ಟ ಸುದ್ದಿಯ ಖರ್ಚಿನಿಂದ.

ಈ ವ್ಯವಸ್ಥೆ ಕುಂಟುವ ಜಾಗ ತಾಲ್ಲೂಕು ಮಟ್ಟ. ಅಲ್ಲಿನ ಅರೆಕಾಲಿಕ ವರದಿಗಾರರಲ್ಲಿ ಎಷ್ಟೋ ಜನಕ್ಕೆ ಸಂಬಳವಿಲ್ಲ. ಪ್ರಕಟವಾದ ಸುದ್ದಿಗೆ ಪುಡಿಗಾಸು, ತಂದ ಜಾಹೀರಾತಿಗೆ ಕಮಿಷನ್. ಚುನಾವಣೆಯ ವಿಶೇಷ ಪುಟಕ್ಕೆ ಅಭ್ಯರ್ಥಿಯ ಜಾಹೀರಾತು ತರಬೇಕಾದವರೇ ಆ ಅಭ್ಯರ್ಥಿಯ ಸಭೆಯ ವರದಿಯನ್ನೂ ಬರೆಯಬೇಕು. ಅಲ್ಲಿ ಲಂಚ ಬೇಕಾಗುವುದೇ ಇಲ್ಲ, ವಿರೋಧಿ ಅಭ್ಯರ್ಥಿಯ ಸಭೆಗೆ ಹೋಗದಿದ್ದರೆ ಸಾಕು. ಬಾರದ ಸುದ್ದಿಯ ಮೇಲೆ ಎಂಸಿಎಂಸಿಗೆ ದೂರು ಕೊಡುವ ನಮೂನೆ ಇಲ್ಲ. ಅದನ್ನು ಹಿಡಿಯಲು ಇರುವ ಉಪಾಯ ಇಷ್ಟೇ: ಜಿಲ್ಲೆಯಲ್ಲಿ ಅನುಮತಿ ಪಡೆದು ನಡೆದ ಸಭೆಗಳ ಪಟ್ಟಿಯನ್ನು ಚುನಾವಣಾ ಕಚೇರಿಯಿಂದ ಪಡೆದು, ಅದರ ಪಕ್ಕದಲ್ಲಿ ಜಿಲ್ಲಾ ಪುಟಗಳಲ್ಲಿ ವರದಿಯಾದ ಸಭೆಗಳನ್ನು ದಿನವಾರು ಬರೆದುಕೊಂಡು ಹೋಗುವುದು. ನಾಮಪತ್ರ ಹಿಂಪಡೆಯುವ ಕೊನೆಯ ದಿನದ ಮರುದಿನ ಶುರುಮಾಡಿ ಬಹಿರಂಗ ಪ್ರಚಾರ ಮುಗಿಯುವವರೆಗೆ ಇದನ್ನು ಇಬ್ಬರು, ಒಂದು ನೋಟ್‌ಬುಕ್ಕು, ದಿನಕ್ಕೆ ಐದಾರು ಪೇಪರು ಇಟ್ಟುಕೊಂಡು ಮಾಡಬಹುದು.